ನೈನಿತಾಲ್: ಜರಿದ ಗುಡ್ಡದ ಮಣ್ಣಿನ ಮೇಲೊಂದು ಮೈದಾನ

ಪ್ರವಾಸಿ ಕೈಪಿಡಿಗಳಲ್ಲಿ ನೈನಿತಾಲ್‌ನ ಇತಿಹಾಸ ಸಾಮಾನ್ಯವಾಗಿ ಒಂದೇ ವಾಕ್ಯದಿಂದ ಶುರುವಾಗುತ್ತದೆ: 1841ರಲ್ಲಿ ಶಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಈ ಸರೋವರವನ್ನು ‘ಕಂಡುಹಿಡಿದ’. ವಸಾಹತು ಕಾಲದ ಗಿರಿಧಾಮಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಕ್ರಿಯಾಪದದ ಮೇಲೆ ಮೊದಲಿನಿಂದಲೂ ಅನುಮಾನ. ಕುಮಾವೂಂನ ಜನರಿಗೆ ಈ ಕೆರೆ ಎಂದೂ ಕಳೆದುಹೋಗಿರಲಿಲ್ಲ. ಸ್ಕಂದಪುರಾಣದ ಮಾನಸಖಂಡ ಇದನ್ನು ತ್ರಿಋಷಿ ಸರೋವರ ಎನ್ನುತ್ತದೆ. ಅತ್ರಿ, ಪುಲಸ್ತ್ಯ, ಪುಲಹರು ನೀರಿಗಾಗಿ ತೋಡಿದ ಹೊಂಡ ಇದೆಂದು ಕಥೆ. ಸತಿಯ ಕಣ್ಣು ಬಿದ್ದ ಜಾಗವೆಂದು ದಡದಲ್ಲಿ ನೈನಾದೇವಿಯ ಗುಡಿಯಿದೆ. ಸುತ್ತಲಿನ ಹಳ್ಳಿಯವರು ಇಲ್ಲಿಗೆ ಬರುತ್ತಿದ್ದುದು ದನ ಮೇಯಿಸಲು ಮತ್ತು ಜಾತ್ರೆಗೆ.

ಈ ಜಾಗ ನಮ್ಮದು ಎಂದವನು ನರಸಿಂಗ್ ಎಂಬ ಸ್ಥಳೀಯ ಮುಖಂಡ. ಅವನನ್ನು ದೋಣಿಯಲ್ಲಿ ಕೂರಿಸಿ, ಕೆರೆಯ ನಡುವಿಗೆ ಒಯ್ದು, ಮುಳುಗಿಸುವ ಬೆದರಿಕೆ ಹಾಕಿ ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕಥೆಯನ್ನು ಬ್ಯಾರನ್ ‘ಪಿಲ್‌ಗ್ರಿಮ್’ ಎಂಬ ಕಾವ್ಯನಾಮದಲ್ಲಿ ತಾನೇ ದಾಖಲಿಸಿದ್ದಾನೆ. ಅವನಿಗೆ ಅದೊಂದು ತಮಾಷೆ. ನನಗೆ ಮಾತ್ರ ಅದು ಈ ಊರಿನ ಮೊದಲ ಭೂದಾಖಲೆಯಂತೆ ಕಾಣುತ್ತದೆ.

ಊರು ಬೇಗ ಬೆಳೆಯಿತು. 1862ರಲ್ಲಿ ವಾಯವ್ಯ ಪ್ರಾಂತ್ಯಗಳ ಸರ್ಕಾರಕ್ಕೆ ಇದು ಬೇಸಿಗೆಯ ರಾಜಧಾನಿಯಾಯಿತು. ಹಾಗಾಗಲು ಹವೆಯೇ ಕಾರಣ. ಸುಮಾರು 1,900 ಮೀಟರ್ ಎತ್ತರದ ಈ ಬೋಗುಣಿಯಂಥ ಕಣಿವೆಯಲ್ಲಿ, ಕೆಳಗಿನ ಬಯಲು ಕಾದ ಹೆಂಚಿನಂತಿರುವ ಮೇ ತಿಂಗಳಲ್ಲೂ ತಂಪು. ಚಳಿಗಾಲದಲ್ಲಿ ಒಮ್ಮೊಮ್ಮೆ ಹಿಮ ಬೀಳುತ್ತದೆ. ಆದರೆ ತಂಪು ಕೊಟ್ಟ ನೆಲೆಯೇ ವಿಪರೀತ ಮಳೆಯನ್ನೂ ಕೊಟ್ಟಿತು. ಬಯಲಿನಿಂದ ಬರುವ ಮುಂಗಾರಿನ ಮೋಡಗಳಿಗೆ ಎದುರಾಗುವ ಮೊದಲ ಎತ್ತರದ ಸಾಲುಗಳಲ್ಲಿ ನೈನಿತಾಲ್ ಇದೆ.

ಇನ್ನು ನೆಲದ ವಿಷಯ. ಕೆರೆಯ ಉದ್ದಕ್ಕೂ ಭೂಪದರದಲ್ಲೊಂದು ಬಿರುಕು ಹಾದುಹೋಗಿದೆ. ನೈಋತ್ಯದ ಅಯಾರ್‌ಪಟ್ಟ ಬಹುಮಟ್ಟಿಗೆ ಸುಣ್ಣಕಲ್ಲಿನ ಗುಡ್ಡ. ಈಶಾನ್ಯದ ಶೇರ್ ಕಾ ದಾಂಡಾದಲ್ಲಿ ಪುಡಿಯಾಗುವ ಪದರಗಲ್ಲು. ಸಂದುಗಳಲ್ಲಿ ನೀರಿಳಿದರೆ ಪದರಗಳ ಹಿಡಿತ ಸಡಿಲವಾಗುತ್ತದೆ. ಮರ ಕಡಿದು, ಇಳಿಜಾರನ್ನು ಕೊರೆದು ಮನೆ, ರಸ್ತೆ ಮಾಡಿದಷ್ಟೂ ನೀರಿಗೆ ದಾರಿ ಸುಲಭ. 1867ರಲ್ಲೇ ಇಲ್ಲಿ ಗುಡ್ಡ ಜರಿದಿತ್ತು. ಕಟ್ಟುವುದು ಮಾತ್ರ ನಿಲ್ಲಲಿಲ್ಲ.

1880ರ ಸೆಪ್ಟೆಂಬರ್ 18, ಶನಿವಾರ. ಎರಡು ದಿನಗಳಿಂದ ಬಿಡದೆ ಮಳೆ. ಬೆಳಿಗ್ಗೆ ವಿಕ್ಟೋರಿಯಾ ಹೋಟೆಲ್ ಹಿಂದಿನ ಮಣ್ಣು ಸ್ವಲ್ಪ ಕುಸಿದು ಕೆಲವರು ಸಿಕ್ಕಿಕೊಂಡರು. ಅವರನ್ನು ಹೊರತೆಗೆಯಲು ಅಧಿಕಾರಿಗಳು, ಸೈನಿಕರು, ಕೂಲಿಗಳು ಸೇರಿದರು. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಇಡೀ ಇಳಿಜಾರು ಕಳಚಿಕೊಂಡು ಬಂತು. ಹೋಟೆಲ್ಲು, ಕೆಳಗಿದ್ದ ಅಂಗಡಿ, ಸಭಾಭವನ, ದಡದ ನೈನಾದೇವಿ ಗುಡಿ ಎಲ್ಲವೂ ಕ್ಷಣಗಳಲ್ಲಿ ಕೊಚ್ಚಿಹೋದವು. ಸತ್ತವರು 151. ಕಾಪಾಡಲು ಹೋದವರೂ ಅವರಲ್ಲಿದ್ದರು.

ಈ ಸಂಖ್ಯೆಯನ್ನು ಬಿಡಿಸಿ ನೋಡಿದರೆ 43 ಜನ ಯೂರೋಪಿಯನ್ನರು ಮತ್ತು ಯುರೇಷಿಯನ್ನರು, 108 ಜನ ಭಾರತೀಯರು. ಸೇಂಟ್ ಜಾನ್ ಇನ್ ದಿ ವಿಲ್ಡರ್‌ನೆಸ್ ಚರ್ಚಿನಲ್ಲಿ ದುರಂತದ ನೆನಪಿಗೆ ಹಿತ್ತಾಳೆಯ ಫಲಕವಿದೆ. ಆ 108 ಜನ ಮಾತ್ರ ದಾಖಲೆಗಳಲ್ಲಿ ಬಹುಮಟ್ಟಿಗೆ ಬರೀ ಅಂಕಿಯಾಗಿ ಉಳಿದಿದ್ದಾರೆ. ಬೆಟ್ಟದ ಊರನ್ನು ಹೊತ್ತು ನಿಲ್ಲಿಸಿದ್ದ ಆಳುಕಾಳುಗಳ ಹೆಸರನ್ನು ಪತ್ರಾಗಾರದಲ್ಲಿ ಹುಡುಕುವುದೆಂದರೆ ಹೆಚ್ಚಿನಂಶ ಮೌನವನ್ನೇ ಓದುವುದು.

ಕುಸಿದ ಮಣ್ಣು ಕೆರೆಯ ಮಲ್ಲಿತಾಲ್ ಅಂಚಿಗೆ ಬಂದು ಬಿತ್ತು. ಅಲ್ಲಿದ್ದ ಬಯಲು ಹಿಗ್ಗಿ ಈಗಿನ ‘ಫ್ಲಾಟ್ಸ್’ ಮೈದಾನವಾಯಿತು. ಪಕ್ಕದಲ್ಲೇ ಗುಡಿಯನ್ನು ಮತ್ತೆ ಕಟ್ಟಿದರು. ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ದ ಮೂಲಕ ನಮಗೆ ಪರಿಚಿತನಾದ ಜಿಮ್ ಕಾರ್ಬೆಟ್ ಹುಟ್ಟಿದ್ದು ಇದೇ ಊರಿನಲ್ಲಿ, 1875ರಲ್ಲಿ. ದುರಂತದ ನಂತರ ಅವನ ಕುಟುಂಬ ನೆಲೆಸಿದ ಗರ್ನಿ ಹೌಸ್ ಇರುವುದು ಎದುರಿನ ಅಯಾರ್‌ಪಟ್ಟದಲ್ಲಿ.

ಬ್ರಿಟಿಷರು ಆಮೇಲೆ ಇಳಿಜಾರುಗಳಲ್ಲಿ ಕಲ್ಲಿನ ಚರಂಡಿಗಳ ಜಾಲ ಕಟ್ಟಿದರು. ಮಳೆನೀರು ಗುಡ್ಡದೊಳಗೆ ಇಂಗುವ ಮೊದಲೇ ಕೆರೆಗೆ ಸೇರಬೇಕೆಂಬುದು ಲೆಕ್ಕಾಚಾರ. ಈ ನಾಲೆಗಳು ಗುಡ್ಡವನ್ನೂ ಕಾಯುತ್ತವೆ, ಕೆರೆಯನ್ನೂ ತುಂಬುತ್ತವೆ. ಊರಿನ ಕುಡಿಯುವ ನೀರು ಈ ಕೆರೆಯನ್ನೇ ನಂಬಿದೆ. ಆದ್ದರಿಂದ ನಾಲೆಗೆ ಕಸ ಸುರಿದರೆ, ಅದರ ಮೇಲೆ ಗೋಡೆ ಎಬ್ಬಿಸಿದರೆ ಪೆಟ್ಟು ಎರಡು ಕಡೆಗೂ ಬೀಳುತ್ತದೆ. ಮಳೆಗಾಲದಲ್ಲಷ್ಟೇ ತುಂಬಿ, ನೆಲದಡಿಯಿಂದ ಕೆರೆಗೆ ನೀರೂಡಿಸುವ ಪಕ್ಕದ ಸೂಖಾತಾಲ್ ಕೂಡ ಒತ್ತುವರಿಗೆ ಸಿಕ್ಕಿದೆ.

ಈಚಿನ ವರ್ಷಗಳನ್ನೇ ನೋಡಿ. 2017ರ ಬೇಸಿಗೆಯಲ್ಲಿ ನೀರು ತೀರಾ ಕೆಳಗಿಳಿದು ಕೆರೆಯಂಚಿನ ತಳ ಕಾಣಿಸಿತು. 2018ರ ಆಗಸ್ಟ್‌ನಲ್ಲಿ ಲೋಯರ್ ಮಾಲ್ ರಸ್ತೆಯ ಒಂದು ಭಾಗ ಕೆರೆಗೆ ಕುಸಿಯಿತು. 2021ರ ಅಕ್ಟೋಬರ್‌ನಲ್ಲಿ ಉಕ್ಕಿದ ನೀರು ರಸ್ತೆಗೆ ಹರಿಯಿತು. ಬತ್ತುವುದು, ಕುಸಿಯುವುದು, ಉಕ್ಕುವುದು ಬೇರೆಬೇರೆ ಸುದ್ದಿಗಳಂತೆ ಕಂಡರೂ, ಮೂರರಲ್ಲೂ ಇರುವುದು ಬೆಟ್ಟದಲ್ಲಿ ನೀರಿನ ದಾರಿಯ ಪ್ರಶ್ನೆಯೇ.

ನೈನಿತಾಲ್‌ಗೆ ಹೋಗುವವರು ದೋಣಿವಿಹಾರ ಮುಗಿಸಿ ಫ್ಲಾಟ್ಸ್ ಮೈದಾನದಲ್ಲಿ ನಿಲ್ಲುತ್ತಾರೆ, ಹುಡುಗರ ಆಟ ನೋಡುತ್ತಾರೆ. ಕಾಲಡಿಯ ಮಣ್ಣಿನಲ್ಲಿ ಒಂದಿಷ್ಟು ಶೇರ್ ಕಾ ದಾಂಡಾದಿಂದ ಇಳಿದು ಬಂದದ್ದು. ಅದು ಗೊತ್ತಿದ್ದವರ ಕಣ್ಣು ಕೆರೆಯನ್ನು ಬಿಟ್ಟು ಈಶಾನ್ಯದ ಗುಡ್ಡದ ಕಡೆಗೆ, ಅಲ್ಲಿ ಒತ್ತೊತ್ತಾಗಿ ನಿಂತ ಮನೆಗಳ ಕಡೆಗೆ ಹೊರಳುತ್ತದೆ.