ಶಾಸನ ಯಾರ ಉತಾರ?

1888ರಲ್ಲಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಶುರುವಾಯಿತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಸೈಕಲ್ ಕೊಂಡು ಊರಿಗೆ ಕಳಿಸುತ್ತಿದ್ದರು. ಬೆಳಗಾವಿಯಲ್ಲಿ ಅವರ ಅಣ್ಣ ಅದನ್ನು ಮಾರಿ, ಕೊಂಡವರಿಗೆ ಓಡಿಸುವುದನ್ನೂ ಕಲಿಸುತ್ತಿದ್ದರು. ಮುಂದೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಉದ್ಯಮದ ಮೊದಲ ಮೆಟ್ಟಿಲು ಇದು. ಇದಾಗಿ 15 ವರ್ಷಕ್ಕೆ, 1903ರಲ್ಲಿ, ಫ್ರಾನ್ಸಿನ ಪತ್ರಿಕೆಯೊಂದು ತನ್ನ ಮಾರಾಟ ಹೆಚ್ಚಿಸಿಕೊಳ್ಳಲು ದೇಶ ಸುತ್ತುವ ಸೈಕಲ್ ಪಂದ್ಯ ಹೂಡಿತು. ಆ ಟೂರ್ ಡಿ ಫ್ರಾನ್ಸ್ ಈಗ ಪ್ರತಿ ಜುಲೈನಲ್ಲಿ ಟಿವಿಯಲ್ಲಿ ಬರುತ್ತದೆ. ಸವಾರರು ದ್ರಾಕ್ಷಿ ತೋಟಗಳ ನಡುವೆ ಸಾಗುತ್ತಿರುವಾಗ ವೀಕ್ಷಕ ವಿವರಣೆಯವರು ಹಳ್ಳಿಯ ಇಗರ್ಜಿ, ಹಳೆಯ ಕೋಟೆ, ಯಾವುದೋ ರಾಜನ ಯುದ್ಧ ಇವನ್ನೆಲ್ಲ ಹೇಳುತ್ತಾ ಹೋಗುತ್ತಾರೆ.

ನಿಪ್ಪಾಣಿಯಿಂದ ಅಥಣಿಯವರೆಗಿನ ನಮ್ಮ ದಾರಿಗೆ ಅಂಥ ವಿವರಣೆಕಾರರಿಲ್ಲ. ಆದರೆ ಹೇಳಲು ಸರಕು ಕಡಿಮೆಯಿಲ್ಲ. ಕೃಷ್ಣಾ ತೀರದ ದಾನಶಾಸನಗಳು ನನ್ನ ಪಿಎಚ್‌ಡಿ ವಿಷಯ. ಓದಿದ್ದನ್ನು ನೆಲದ ಮೇಲೆ ನೋಡಬೇಕೆಂದು ಕಳೆದ ಚಳಿಗಾಲದಲ್ಲಿ ಮೂರು ದಿನ ಈ ಭಾಗದಲ್ಲಿ ಸೈಕಲ್ ತುಳಿದೆ. ಬಸ್ಸು ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುತ್ತದೆ, ಸೈಕಲ್ಲು ಹೊಳೆಯಿಂದ ಹೊಳೆಗೆ ಹೋಗುತ್ತದೆ. ವೇದಗಂಗೆ, ದೂಧಗಂಗೆ, ಕೃಷ್ಣೆ ಎಲ್ಲಿ ಸೇರುತ್ತವೆ, ಯಾವ ಊರು ದಿಬ್ಬದ ಮೇಲಿದೆ, ಎರಡು ಪೇಟೆಗಳ ನಡುವೆ ಎತ್ತಿನ ಗಾಡಿಗೆ ಎಷ್ಟು ದೂರ ಎಂಬುದೆಲ್ಲ ಕಾಲಿಗೆ ತಿಳಿಯುತ್ತದೆ. ಕಬ್ಬು ತುಂಬಿದ ಟ್ರಾಕ್ಟರುಗಳಿಗೆ ದಾರಿ ಬಿಟ್ಟು ಅಂಚಿನ ಮಣ್ಣಿಗಿಳಿದು ನಿಂತಾಗ, ಬೇವಿನ ಬುಡದಲ್ಲಿ ಅರ್ಧ ಹೂತ ವೀರಗಲ್ಲೂ ಕಣ್ಣಿಗೆ ಬೀಳುತ್ತದೆ.

ಹೊರಟದ್ದು ನಿಪ್ಪಾಣಿಯಿಂದ. ಈ ಊರಿನ ಎಷ್ಟೋ ಮಕ್ಕಳು ಓದುವ ದೇವಚಂದ ಕಾಲೇಜಿನ ವಿಳಾಸ ಅರ್ಜುನನಗರ, ಕಾಗಲ್ ತಾಲ್ಲೂಕು, ಮಹಾರಾಷ್ಟ್ರ. 1956ರಲ್ಲಿ ನಿಪ್ಪಾಣಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು, 1967ರ ಮಹಾಜನ ವರದಿ ಅದನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಅದು ಜಾರಿಯಾಗಲಿಲ್ಲ. ಹೊರಗಿನವರಿಗೆ ನಿಪ್ಪಾಣಿ ಎಂದರೆ ಇಷ್ಟೇ. ಊರಿನವರ ನೆನಪು ಬೇರೆ. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಇಲ್ಲಿ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. 1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ಶರದ್ ಜೋಶಿಯವರ ನಾಯಕತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರ್ ನಡೆದು 12 ರೈತರು ಸತ್ತರು. ಅದೇ ಕಾಲಕ್ಕೆ ತಂಬಾಕು ಕಾರ್ಖಾನೆಗಳ ಧೂಳಿನಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿ ಮಾಲೀಕರೆದುರು ನಿಂತಿದ್ದರು. ರೈತನ ಮನೆಮಾತು ಯಾವುದೆಂದು ತಂಬಾಕಿನ ದರ ಕೇಳಿರಲಿಲ್ಲ.

ನಿಪ್ಪಾಣಿಯಿಂದ ಪೂರ್ವಕ್ಕೆ ಏರಿಳಿತದ ದಾರಿ. ಚಿಕ್ಕೋಡಿ ದಾಟಿ ಉತ್ತರಕ್ಕೆ ತಿರುಗಿದರೆ ನೆಲ ಹೊಳೆಯ ಕಡೆ ಇಳಿಯುತ್ತದೆ, ಪೆಡಲ್ ತುಳಿಯದೆ ಬಹಳ ದೂರ ಹೋಗಬಹುದು. ಹಾಗೆ ಸಿಕ್ಕ ಊರು ಸದಲಗಾ. 1906ರಲ್ಲಿ ಇಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು, ಪ್ರಾಕೃತದ ದೊಡ್ಡ ಗ್ರಂಥಗಳನ್ನು ಸಂಪಾದಿಸಿದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಬದುಕನ್ನು ಒಂದು ರಾಜ್ಯದ ನಕಾಶೆಯೊಳಗೆ ಕೂರಿಸಲು ಹೊರಟರೆ ಅರ್ಧ ಹೊರಗೇ ಉಳಿಯುತ್ತದೆ.

ಯಡೂರಿನಲ್ಲಿ ಕೃಷ್ಣೆಯ ದಡದ ಮೇಲೆ ವೀರಭದ್ರನ ಗುಡಿಯಿದೆ. ದಕ್ಷನ ಯಜ್ಞ ನಡೆದದ್ದು ಇಲ್ಲೇ ಎಂದು ಜನ ನಂಬುತ್ತಾರೆ. ತವರಿನ ಯಜ್ಞಕ್ಕೆ ಹೊರಟ ಸತಿಯ ಜೊತೆ ನಂದಿ ಬಂದ. ಆಕೆ ಇಲ್ಲವಾದ ಮೇಲೆ ಕೋಪಗೊಂಡ ಶಿವ ಹೊಳೆಯ ಮೇಲ್ಭಾಗದ ಖಿದ್ರಾಪುರದಲ್ಲಿ ಕೋಪೇಶ್ವರನಾಗಿ ಕುಳಿತ. ಹಾಗಾಗಿ ಅಲ್ಲಿ ಲಿಂಗದ ಮುಂದೆ ನಂದಿಯಿಲ್ಲ. ಗುಡಿಯ ಹೊರಗೆ ಕಾಯಿ ಮಾರುತ್ತಿದ್ದ ಅಜ್ಜಿಯನ್ನು ಕೇಳಿದೆ. "ಬಸವಣ್ಣ ಇಲ್ಲಿ ಅದಾನ್ ತಮ್ಮಾ, ಅವನ ಒಡೆಯ ಅಲ್ಲಿ ಅದಾನ್" ಎಂದರು. ಅವರ ಮಾತಿನಲ್ಲಿ ರಾಜ್ಯದ ಹೆಸರು ಬರಲಿಲ್ಲ. ಇವತ್ತಿನ ಲೆಕ್ಕದಲ್ಲಿ ನಂದಿ ಕರ್ನಾಟಕದವನು, ಶಿವ ಮಹಾರಾಷ್ಟ್ರದವನು.

ಕೋಪೇಶ್ವರ ದೇವಾಲಯ 12ನೇ ಶತಮಾನದ ಕೊಲ್ಹಾಪುರ ಶಿಲಾಹಾರರ ಕಾಲದ್ದು. 48 ಕಂಬಗಳ ಸ್ವರ್ಗಮಂಟಪದ ಮಾಡಿನ ನಡುವೆ ದುಂಡನೆಯ ಬಯಲು. ಅಲ್ಲಿಂದ ಬಿಸಿಲು ನೇರ ನೆಲದ ಮೇಲಿನ ಕಲ್ಲಿಗೆ ಬೀಳುತ್ತದೆ. 1054ರಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರೊಡನೆ ಕಾದಾಡಿ ಸತ್ತ ಕೊಪ್ಪಂ ಇದೇ ಎಂದು ಕೆಲವು ವಿದ್ವಾಂಸರು, ಕೊಪ್ಪಳ ಎಂದು ಮತ್ತೆ ಕೆಲವರು ವಾದಿಸಿದ್ದಾರೆ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. 13ನೇ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ಸಿಂಘಣ ಹಾಕಿಸಿದ್ದು ಸಂಸ್ಕೃತದಲ್ಲಿದೆ, ನಾಗರಿ ಲಿಪಿಯಲ್ಲಿದೆ. ಅದೇ ಯಾದವರು ಬೇರೆ ಕಡೆ ಎಷ್ಟೋ ಶಾಸನಗಳನ್ನು ಕನ್ನಡದಲ್ಲೇ ಬರೆಸಿದ್ದಾರೆ.

ಗಡಿಯ ಮಾತು ಬಂದಾಗ ಈ ಕಲ್ಲುಗಳೇ ಸಾಕ್ಷಿಗೆ ಬರುತ್ತವೆ. ಕನ್ನಡ ಶಾಸನವಿದೆ, ಆದ್ದರಿಂದ ಇದು ಕನ್ನಡ ನೆಲ ಎಂದು ನಮ್ಮವರು ಹೇಳುತ್ತಾರೆ. ನಿಪ್ಪಾಣಿಯ ಪೇಟೆಯ ಮರಾಠಿ ಫಲಕ ತೋರಿಸಿ ಅವರೂ ಹಾಗೇ ಹೇಳುತ್ತಾರೆ. ನಮ್ಮ ಕಡೆ ಹೊಲದ ಹಕ್ಕಿನ ಕಾಗದಕ್ಕೆ ಉತಾರ ಎನ್ನುತ್ತಾರೆ. ಯಾರ ಹೆಸರಿಗೆ ಎಷ್ಟು ಎಕರೆ, ಅದರಲ್ಲಿ ಏನು ಬೆಳೆ ಎಂಬುದೆಲ್ಲ ಅದರಲ್ಲಿರುತ್ತದೆ. ದಾನಶಾಸನವೂ ಒಂದು ಬಗೆಯ ಉತಾರವೇ: ಇಷ್ಟು ಮತ್ತರು ಭೂಮಿ, ಈ ದೇವರ ಪೂಜೆಗೆ, ಇಂತಿಂಥ ಗಡಿಕಲ್ಲುಗಳೊಳಗೆ. ಆದರೆ ಅದನ್ನು ಬರೆದದ್ದು ದೇವರ ಹೆಸರಿಗೆ, ಗುಡಿಯ ದೀಪದೆಣ್ಣೆಗೆ, ತಪಸ್ವಿಗಳ ಊಟಕ್ಕೆ. ಯಾವ ಭಾಷೆಯ ಹೆಸರಿಗೂ ಬರೆದದ್ದಲ್ಲ. ಓದುವವರಿಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆಸಿದರು ಎಂಬುದು ದೊಡ್ಡ ಸಂಗತಿ. ಇಲ್ಲಿ ಆಗ ಕನ್ನಡ ಓದುವವರಿದ್ದರು ಎಂದು ಅದರಿಂದ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕಲ್ಲಿನ ಬಾಯಲ್ಲಿ ಹೇಳಿಸಿದರೆ, ಕಲ್ಲು ಹೇಳುತ್ತಿರುವುದು ಕೇಳಿಸದೆ ಹೋಗುತ್ತದೆ.

ಖಿದ್ರಾಪುರದ ಎದುರು ದಡ ಜುಗೂಳ, ಕಾಗವಾಡ ತಾಲ್ಲೂಕು. ಸೈಕಲ್ಲನ್ನು ದೋಣಿಯಲ್ಲಿ ಮಲಗಿಸಿ ದಾಟಿದೆ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ 1394ರ ಒಂದು ಶಾಸನವಿದೆ. ಯಾಪನೀಯ ಸಂಘವನ್ನು ಹೆಸರಿಸುವ ಕೊನೆಯ ದಾಖಲೆಗಳಲ್ಲಿ ಇದೊಂದು. ಯಾಪನೀಯರು ದಿಗಂಬರರಂತೆ ಬಟ್ಟೆ ಬಿಟ್ಟವರು, ಶ್ವೇತಾಂಬರರಂತೆ ಹೆಣ್ಣಿಗೂ ಮೋಕ್ಷವುಂಟು ಎಂದವರು. ಎರಡೂ ಕಡೆಗೆ ಸೇರಿದವರನ್ನು ಕೊನೆಗೆ ಯಾವ ಕಡೆಯೂ ತನ್ನವರೆಂದು ಉಳಿಸಿಕೊಳ್ಳಲಿಲ್ಲ. ಅವರ ಚರಿತ್ರೆಯನ್ನು ಶಾಸನಗಳಿಂದ ಒಟ್ಟುಗೂಡಿಸಿ ಬರೆದವರು ಸದಲಗಾದ ಉಪಾಧ್ಯೆಯವರೇ. ಅವರು ಹುಟ್ಟಿದ ಊರಿನಿಂದ ಈ ಬಸದಿ ಸೈಕಲ್ಲಿಗೆ ಅರ್ಧ ದಿನದ ದಾರಿ.

ಉಗಾರದಿಂದ ಕೃಷ್ಣೆಯನ್ನು ಮತ್ತೆ ದಾಟಿದರೆ ಕುಡಚಿ, ಅಲ್ಲಿಂದ ದಕ್ಷಿಣಕ್ಕೆ ರಾಯಬಾಗ. ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದ ಶಾಸನವಿರುವ ಊರಿದು. 17ನೇ ಶತಮಾನದ ಇಂಗ್ಲಿಷ್ ವ್ಯಾಪಾರಿಗಳ ಕಾಗದಪತ್ರಗಳಲ್ಲೂ ಇದರ ಹೆಸರಿದೆ. 1949ರವರೆಗೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. 1902ರ ಜುಲೈ 26ರಂದು ಶಾಹೂ ಮಹಾರಾಜರು ಸಂಸ್ಥಾನದ ನೌಕರಿಗಳಲ್ಲಿ ಖಾಲಿ ಬೀಳುವ ಶೇಕಡಾ 50ರಷ್ಟು ಸ್ಥಾನಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಾಗ ಆ ಆದೇಶ ರಾಯಬಾಗದ ಮೇಲೂ ನಡೆಯುತ್ತಿತ್ತು. ಪಕ್ಕದ ಚಿಕ್ಕೋಡಿ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು, ಅಲ್ಲಿಗೆ ಅದು ತಲುಪಲಿಲ್ಲ. ಒಬ್ಬ ಹುಡುಗನ ಹಣೆಬರಹವನ್ನೇ ಬದಲಿಸಬಲ್ಲ ಗಡಿ ಅದು. ಇವತ್ತು ಅದರ ಗುರುತೇ ಇಲ್ಲ. ಎರಡೂ ಒಂದೇ ಜಿಲ್ಲೆಯಲ್ಲಿವೆ, ರಸ್ತೆಯಲ್ಲಿ ಒಂದು ಕಲ್ಲೂ ಇಲ್ಲ. ಉಳಿದದ್ದು ಸಂಶೋಧಕರಿಗೆ ಮಾತ್ರ: ರಾಯಬಾಗದ ಕಾಗದಕ್ಕೆ ಕೊಲ್ಹಾಪುರಕ್ಕೆ ಹೋಗಬೇಕು, ಚಿಕ್ಕೋಡಿಯದಕ್ಕೆ ಮುಂಬಯಿಗೆ.

ಕೊನೆಯ ದಿನ ತಲುಪಿದ್ದು ಅಥಣಿ. ಮುರುಘೇಂದ್ರ ಶಿವಯೋಗಿಗಳ (1836-1921) ಗಚ್ಚಿನ ಮಠದ ಊರು. 1639ರಲ್ಲಿ ಗೋವೆಗೆ ಬಂದಿದ್ದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋನ ಕಥನದಲ್ಲಿ ಗೋವೆ-ವಿಜಯಪುರ ದಾರಿಯ ದೊಡ್ಡ ಪೇಟೆಯಾಗಿ ಬರುವ ಊರು. ಇಲ್ಲಿನ ಸಮಗಾರರ ಓಣಿಗಳಲ್ಲಿ ಗಂಡಸರು ಚರ್ಮ ಕತ್ತರಿಸುತ್ತಾರೆ, ಹೆಂಗಸರು ಜಡೆಯಂತೆ ಪಟ್ಟಿ ಹೆಣೆಯುತ್ತಾರೆ. ಆದ ಚಪ್ಪಲಿಗೆ ಹೆಸರು ಮಾತ್ರ ಕೊಲ್ಹಾಪುರಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಅದು ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಹೆಸರಿಗೆ ಒಟ್ಟಿಗೆ ಬಂತು: ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯನ್ನು ಹೆಸರು ಹೇಳದೆ ಮಿಲಾನಿನಲ್ಲಿ ಪ್ರದರ್ಶಿಸಿದಾಗ ತಕರಾರು ಎದ್ದದ್ದೂ ಎರಡೂ ಕಡೆಯಿಂದ.

ನಮ್ಮ ಹೊಲಗಳಲ್ಲಿ ಜಂಟಿ ಉತಾರ ಎಂಬುದಿದೆ. ಅಣ್ಣತಮ್ಮಂದಿರ ಇಬ್ಬರ ಹೆಸರೂ ಇರುತ್ತದೆ, ಜಗಳವೂ ಇರುತ್ತದೆ, ಬಾವಿ ಮಾತ್ರ ಇಬ್ಬರಿಗೂ ಒಂದೇ. ಚಪ್ಪಲಿಗೆ ಸಾಧ್ಯವಾದ ಇದು ಶಾಸನಗಳಿಗೂ ಆಗಬೇಕು. ಕೃಷ್ಣೆಯ ಎರಡೂ ದಡಗಳ ಶಾಸನಗಳನ್ನು ಒಂದೇ ಸಂಪುಟದಲ್ಲಿ, ಕನ್ನಡ ಮತ್ತು ಮರಾಠಿ ವಿವರಣೆಗಳೊಂದಿಗೆ, ಬೆಳಗಾವಿ ಮತ್ತು ಕೊಲ್ಹಾಪುರದ ವಿಶ್ವವಿದ್ಯಾಲಯಗಳು ಕೂಡಿ ತರಬಹುದು. ಅದಕ್ಕೆ ನಕಾಶೆ ಬದಲಾಗಬೇಕಿಲ್ಲ, ಯಾವ ಕೋರ್ಟಿನ ತೀರ್ಪಿಗೂ ಕಾಯಬೇಕಿಲ್ಲ. ಕಲ್ಲುಗಳಿಗೆ ಸುಣ್ಣ ಬಳಿಯುವ, ಎಣ್ಣೆ ಬಣ್ಣ ಹಚ್ಚುವ ಕೆಲಸ ಮಾತ್ರ ಯಾರಿಗೂ ಕಾಯದೆ ನಡೆಯುತ್ತಿದೆ.