ಅದ್ದುವುದೋ, ಮುಳುಗಿಸುವುದೋ? ಗ್ರೀಕ್ ‘ಬಪ್ತಿಜೋ’ ಕ್ರಿಯಾಪದದ ಅರ್ಥಚರಿತ್ರೆ

ಒಂದು ಕ್ರಿಯಾಪದದ ಅನುವಾದವನ್ನು ಕುರಿತ ಭಿನ್ನಮತದಿಂದ ಸಂಸ್ಥೆಯೊಂದು ಒಡೆದ ನಿದರ್ಶನ ವಿರಳ. 1835ರಲ್ಲಿ ಕಲ್ಕತ್ತೆಯ ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಯೇಟ್ಸ್ ಮತ್ತು ಡಬ್ಲ್ಯು. ಎಚ್. ಪಿಯರ್ಸ್ ತಮ್ಮ ಬಂಗಾಳಿ ಹೊಸ ಒಡಂಬಡಿಕೆಗೆ ಅಮೆರಿಕನ್ ಬೈಬಲ್ ಸೊಸೈಟಿಯ ನೆರವು ಕೋರಿದರು. ಆ ಅನುವಾದವು ಗ್ರೀಕ್ ‘ಬಪ್ತಿಜೋ’ ಪದಕ್ಕೆ ‘ಮುಳುಗಿಸು’ ಎಂಬರ್ಥದ ಬಂಗಾಳಿ ಕ್ರಿಯಾಪದವನ್ನು ಬಳಸಿತ್ತು. ರೂಢಿಯ ಇಂಗ್ಲಿಷ್ ಬೈಬಲಿನ ತತ್ತ್ವಕ್ಕೆ ಹೊಂದುವ ಅನುವಾದಗಳಿಗೆ ಮಾತ್ರ ಧನಸಹಾಯವೆಂದು ಸೊಸೈಟಿ 1836ರಲ್ಲಿ ನಿರ್ಣಯಿಸಿತು. ಬ್ಯಾಪ್ಟಿಸ್ಟರು ಹೊರನಡೆದು ಅದೇ ವರ್ಷ ಬೇರೊಂದು ಸೊಸೈಟಿಯನ್ನು ಸ್ಥಾಪಿಸಿದರು. ಈ ವಿವಾದವನ್ನು ಸಾಮಾನ್ಯವಾಗಿ ಪಂಥಭೇದವೆಂದು ಓದಲಾಗುತ್ತದೆ. ಅದರೊಳಗೆ ಪದಾರ್ಥವಿಜ್ಞಾನದ ನಿಜವಾದ ಪ್ರಶ್ನೆಯೊಂದಿದೆ ಎಂಬುದು ನಮ್ಮ ವಾದ.

ಅಲೆಕ್ಸಾಂಡರ್ ಕಾರ್ಸನ್ 1831ರ ತನ್ನ ಗ್ರಂಥದಲ್ಲಿ ಈ ಕ್ರಿಯಾಪದವು ಎಲ್ಲೆಡೆಯೂ ಕ್ರಿಯೆಯ ರೀತಿಯನ್ನೇ, ಅಂದರೆ ಅದ್ದುವಿಕೆಯನ್ನೇ, ಸೂಚಿಸುತ್ತದೆಂದು ಪ್ರತಿಪಾದಿಸಿದನು. ಜೇಮ್ಸ್ ಡೇಲ್ 1867ರಲ್ಲಿ ಇದಕ್ಕೆ ವಿರುದ್ಧವಾದ ನಿಲುವು ತಳೆದನು: ಪದವು ನಿರ್ದಿಷ್ಟ ಕ್ರಿಯೆಯನ್ನಲ್ಲ, ಕ್ರಿಯೆಯಿಂದುಂಟಾದ ಸ್ಥಿತಿಯನ್ನು ಹೇಳುತ್ತದೆ. ಬೆತ್ ಲೆವಿನ್ ಮತ್ತು ಮಲ್ಕಾ ರಪ್ಪಪೋರ್ಟ್ ಹೊವಾವ್ ಅವರು ರೀತಿವಾಚಕ ಮತ್ತು ಫಲವಾಚಕ ಕ್ರಿಯಾಪದಗಳ ನಡುವೆ ಗುರುತಿಸಿದ ಭೇದವು ಇಲ್ಲಿ ಬೇರೊಂದು ಪರಿಭಾಷೆಯಲ್ಲಿ ಮೊದಲೇ ಕಾಣಿಸಿಕೊಂಡಿದೆ.

ಪ್ರಯೋಗಗಳು ಏನನ್ನು ಹೇಳುತ್ತವೆ? ‘ಬಪ್ತಿಜೋ’ ಪದವು ‘ಬಪ್ತೋ’ದಿಂದ ಸಾಧಿತವಾದುದು. ಆದರೆ ಎರಡೂ ಪರ್ಯಾಯಗಳಲ್ಲ. ‘ಬಪ್ತೋ’ ಕನ್ನಡದ ‘ಅದ್ದು’ವಿಗೆ ಸಮೀಪದ್ದು, ಬಟ್ಟೆಗೆ ಬಣ್ಣ ಹಾಕುವುದಕ್ಕೂ ಅದೇ ಪದ ಸಲ್ಲುತ್ತದೆ. ‘ಬಪ್ತಿಜೋ’ ‘ಮುಳುಗು, ಮುಳುಗಿಸು’ಗಳಿಗೆ ಸಮೀಪ. ಪಾಲಿಬಿಯಸನಲ್ಲಿ ಅದು ಯುದ್ಧನೌಕೆಗಳನ್ನು ಮುಳುಗಿಸುವುದಕ್ಕೆ ಬರುತ್ತದೆ. ಟ್ರೆಬಿಯಾ ನದಿಯನ್ನು ದಾಟುತ್ತ ಎದೆಮಟ್ಟ ನೀರಿನಲ್ಲಿದ್ದ ಸೈನಿಕರಿಗೂ ಬರುತ್ತದೆ. ಆ ಸೈನಿಕರನ್ನು ಯಾರೂ ಅದ್ದಿರಲಿಲ್ಲ. ಮುಳುಗಿದ ನೌಕೆಗಳನ್ನು ಯಾರೂ ಮೇಲೆತ್ತಲಿಲ್ಲ. ಪ್ಲೇಟೊನ ‘ಯೂಥಿಡೀಮಸ್’ ಸಂವಾದದಲ್ಲಿ ಹುಡುಗನೊಬ್ಬ ಪ್ರಶ್ನೆಗಳ ಸುರಿಮಳೆಯಲ್ಲಿ, ಪ್ಲುಟಾರ್ಕನಲ್ಲಿ ಓಥೋ ಸಾಲದಲ್ಲಿ ‘ಮುಳುಗಿದ’ವರು. ಕನ್ನಡದಲ್ಲಿಯೂ ಸಾಲದಲ್ಲಿ ಮುಳುಗುತ್ತೇವೆಯೇ ಹೊರತು ಯಾರೂ ನಮ್ಮನ್ನು ಸಾಲದಲ್ಲಿ ಅದ್ದುವುದಿಲ್ಲ. ರೂಪಕಕ್ಕೆ ಒದಗುವುದು ಆವೃತವಾದ ಸ್ಥಿತಿಯೇ ಹೊರತು ಕೈಯ ಚಲನೆಯಲ್ಲ. ಈ ಮಟ್ಟಿಗೆ ಡೇಲ್‌ನ ಪಕ್ಷ ಬಲವಾದುದು.

ಹಾಗೆಂದು ಅವನ ನಿಲುವನ್ನು ಇಡಿಯಾಗಿ ಒಪ್ಪಲಾಗದು. ಹೀಬ್ರೂ ಗ್ರಂಥಗಳ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಿ ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗುವಲ್ಲಿ ಬರುವುದು ‘ಬಪ್ತಿಜೋ’ವೇ, ಅಲ್ಲಿ ಭೌತಿಕ ಕ್ರಿಯೆ ಸ್ಪಷ್ಟ. ಅದೇ ಅನುವಾದದ ಯೆಶಾಯ 21:4ರಲ್ಲಿಯಾದರೋ ಅಧರ್ಮವು ವಕ್ತಾರನನ್ನು ಮುಳುಗಿಸುತ್ತದೆ. ಲೂಕ 11:38ರಲ್ಲಿ ಊಟಕ್ಕೆ ಮೊದಲಿನ ಶುದ್ಧಾಚಾರಕ್ಕೆ ಇದೇ ಕ್ರಿಯಾಪದ ಬಂದಿದೆ. ಭೌತಿಕ, ಭಾವನಾತ್ಮಕ, ಆಚಾರಪರ ಎಂದು ಫಲದ ನೆಲೆ ಬದಲಾಗುತ್ತಾ ಹೋಗಿದೆ. ಹಳೆಯ ನೆಲೆಗಳು ಅಳಿಯದೆ ಜೊತೆಗೇ ಉಳಿದಿವೆ. ಡೇಲ್ ಅವೆಲ್ಲವನ್ನೂ ಒಂದೇ ಅಮೂರ್ತ ಸೂತ್ರಕ್ಕೆ ಇಳಿಸಿದನು. ಕಾರ್ಸನ್ ಮೊದಲನೆಯದನ್ನಷ್ಟೇ ಕಂಡನು.

ಅನುವಾದಗಳು ಈ ಚರಿತ್ರೆಯ ಬೇರೆಬೇರೆ ಘಟ್ಟಗಳನ್ನು ಆರಿಸಿಕೊಂಡಿವೆ. ಗೋಥಿಕ್‌ನ ‘ದೌಪ್ಯಾನ್’ ಮುಳುಗಿಸುವ ಅರ್ಥವನ್ನು ಹಿಡಿಯಿತು. ಟರ್ಟುಲಿಯನ್‌ನ ಲ್ಯಾಟಿನ್‌ನಲ್ಲಿ ‘ತಿಂಗುಎರೆ’ ಎಂಬ ದೇಶೀಯ ಕ್ರಿಯಾಪದ ಬಳಕೆಯಲ್ಲಿತ್ತು. ಕೊನೆಗೆ ನೆಲೆಗೊಂಡದ್ದು ‘ಬಪ್ತಿಜಾರೆ’ ಎಂಬ ಎರವಲು. ತೆಲುಗು ‘ಬಾಪ್ತಿಸ್ಮಮು’ ಎಂದು ಎರವಲನ್ನೇ ಉಳಿಸಿಕೊಂಡಿದೆ. ಮಲಯಾಳದ ‘ಮಾಮೋದೀಸ’ ಸಿರಿಯಾಕ್‌ನಿಂದ ಬಂದುದು. ಕನ್ನಡದ ‘ದೀಕ್ಷಾಸ್ನಾನ’ವು ಆಚಾರದ ಉದ್ದೇಶವನ್ನು ಹೆಸರಿಸಿ, ನೀರು ಎಷ್ಟು, ಹೇಗೆ ಎಂಬುದರ ಬಗ್ಗೆ ಮೌನವಾಗಿದೆ. ಈ ಮೌನವು ಪಂಥಗಳ ನಡುವೆ ಅನುಕೂಲಕರವಾದುದು, ಆದರೆ ಅದಕ್ಕೊಂದು ಬೆಲೆಯುಂಟು. ನಾಮಾನನು ಮುಳುಗಿದ ಹೊಳೆಯಲ್ಲಿಯೇ ಯೋಹಾನನು ದೀಕ್ಷಾಸ್ನಾನ ಮಾಡಿಸುತ್ತಾನೆ. ಗ್ರೀಕ್ ಓದುಗನಿಗೆ ಎರಡೂ ಕಡೆ ಒಂದೇ ಕ್ರಿಯಾಪದ ಕೇಳಿಸುತ್ತದೆ, ಕನ್ನಡ ಓದುಗನಿಗೆ ಕೇಳಿಸದು.

ಆದುದರಿಂದ 1836ರ ಪ್ರಶ್ನೆಯನ್ನು ಹೀಗೆ ಪುನರ್ರಚಿಸುವುದು ಸೂಕ್ತವೆಂದು ನಾವು ಭಾವಿಸುತ್ತೇವೆ. ಎರಡೂ ಪಕ್ಷಗಳು ಪದಕ್ಕೆ ಒಂದೇ ಸರಿಯಾದ ಅರ್ಥವಿದೆಯೆಂದು ಭಾವಿಸಿದ್ದವು. ಪ್ರಯೋಗಗಳು ತೋರಿಸುವುದು ಅರ್ಥಗಳ ಒಂದು ಸರಣಿಯನ್ನು. ಅನುವಾದಕನು ಅದರ ಯಾವ ಕೊಂಡಿಯನ್ನು ಆರಿಸಿದರೂ ಉಳಿದವುಗಳಲ್ಲಿ ಕೆಲವನ್ನಾದರೂ ಕಳೆದುಕೊಳ್ಳುತ್ತಾನೆ. ಯಾವುದನ್ನು ಕಳೆದುಕೊಳ್ಳಬಹುದೆಂದು ನಿರ್ಧರಿಸಲು ನಿಘಂಟೊಂದೇ ಸಾಲದು.