ಸೆಟ್ಟೇರಿದ ಮಾತು

ಕನ್ನಡ ಪತ್ರಿಕೆಗಳ ಸಿನಿಮಾ ಪುಟ ತೆರೆದರೆ ಯಾವುದೋ ಒಂದು ಚಿತ್ರ ‘ಸೆಟ್ಟೇರಿದೆ’ ಎಂಬ ಸುದ್ದಿ ಇದ್ದೇ ಇರುತ್ತದೆ. ಚಿತ್ರೀಕರಣ ಶುರುವಾಯಿತು ಎಂದು ಅದರ ಅರ್ಥ. ಇಂಗ್ಲಿಷಿನ ‘ಸೆಟ್’ಗೆ ನಮ್ಮ ‘ಏರು’ ಸೇರಿ ಹುಟ್ಟಿದ ಕ್ರಿಯಾಪದ ಇದು. ರಾಜ ಗದ್ದುಗೆ ಏರುತ್ತಾನೆ, ವಧೂವರರು ಹಸೆಮಣೆ ಏರುತ್ತಾರೆ, ಕಲಾವಿದರು ರಂಗವೇರುತ್ತಾರೆ. ಅದೇ ಸಾಲಿನಲ್ಲಿ ಸಿನಿಮಾ ಸೆಟ್ಟೇರುತ್ತದೆ. ಇಂಗ್ಲಿಷಿಗೆ ಇಂಥ ಪ್ರಯೋಗದ ಪರಿಚಯವೇ ಇಲ್ಲ. ನಾನಿರುವ ಚೆನ್ನೈನಲ್ಲಿ ತಮಿಳರ ಬಾಯಲ್ಲೂ ಇದನ್ನು ಕೇಳಿಲ್ಲ. ಅವರು ‘ಪೂಜೈ ಪೋಟ್ಟಾಚ್ಚು’ ಎನ್ನುತ್ತಾರೆ.

ಆದರೂ ಈ ಮಾತಿನ ತವರು ಇದೇ ಊರಿನ, ಸ್ಟುಡಿಯೋಗಳಿದ್ದ ಕೋಡಂಬಾಕ್ಕಂ, ವಡಪಳನಿಗಳ ಆಸುಪಾಸು ಎಂದೇ ನನ್ನ ನಂಬಿಕೆ. ರಾಜಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಮದರಾಸಿನಲ್ಲಿ ತಯಾರಾಯಿತು. ಆಗ ಕನ್ನಡ ಚಿತ್ರರಂಗದ ಮನೆಮಠವೆಲ್ಲ ಇಲ್ಲೇ. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಕಂಪನಿ ನಾಟಕದಿಂದ ಬಂದವರು. ಕಂಪನಿ ನಾಟಕದಲ್ಲಿ ಅರಮನೆ, ಕಾಡು, ಬೀದಿಗಳೆಂದರೆ ಹೆಚ್ಚಾಗಿ ಬಣ್ಣ ಬರೆದ ಪರದೆಗಳು, ಅವಕ್ಕೆ ‘ಸೀನು’ ಎಂಬ ಹೆಸರು. ಸ್ಟುಡಿಯೋಕ್ಕೆ ಅದು ಸಾಲದು. ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತದೆ, ನಟ ಮೆಟ್ಟಿಲು ಹತ್ತಬೇಕು, ಕಂಬ ಬಳಸಿ ಬರಬೇಕು. ಹಾಗಾಗಿ ಮರ, ಬಟ್ಟೆ, ಪ್ಲಾಸ್ಟರ್‌ಗಳಲ್ಲಿ ಅರಮನೆಯನ್ನೇ ಎಬ್ಬಿಸುತ್ತಿದ್ದರು. ಚಪ್ಪರ ಹಾಕುವ ಹಾಗೆ ‘ಸೆಟ್ ಹಾಕಿದರು’. ರಂಗವೇರಿ ರೂಢಿಯಿದ್ದ ನಟರು ಈಗ ಸೆಟ್ಟಿಗೆ ಏರಿದರು ಎಂದು ನಾನು ಊಹಿಸುತ್ತೇನೆ. ಪದಕ್ಕೆ ಆ ‘ಏರು’ ಬೇರೆಲ್ಲಿಂದ ಬರಬೇಕು?

1967ರಲ್ಲಿ ತೆರೆಕಂಡ ‘ಬೆಳ್ಳಿ ಮೋಡ’ಕ್ಕಾಗಿ ನಿರ್ದೇಶಕ ಪುಟ್ಟಣ್ಣ ಕಣಗಾಲರು ಚಿಕ್ಕಮಗಳೂರಿನ ಬೆಟ್ಟ, ತೋಟಗಳ ನಡುವೆ ಕ್ಯಾಮೆರಾ ಇಟ್ಟರು. ಆಮೇಲೆ ಚಿತ್ರರಂಗ ಮೆಲ್ಲಗೆ ಬೆಂಗಳೂರಿಗೆ ಹೊರಟಿತು. ವಡಪಳನಿಯ ವಾಹಿನಿ ಸ್ಟುಡಿಯೋದ ಜಾಗದಲ್ಲಿ ಇಂದು ಮಾಲ್ ನಿಂತಿದೆ. ಈಗ ಒಂದೂ ಸೆಟ್ ಹಾಕದೆ ಬಯಲಿನಲ್ಲೇ ಮುಗಿಯುವ ಸಿನಿಮಾ ಕೂಡ ಕನ್ನಡದಲ್ಲಿ ಸೆಟ್ಟೇರಿಯೇ ಮುಂದೆ ಸಾಗುತ್ತದೆ.

ಇಂಗ್ಲಿಷಿನಲ್ಲಿ ಈ ‘ಸೆಟ್’ ಪದದ ಸಂಸಾರ ದೊಡ್ಡದು. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ಗೇ ಸಂದಿತ್ತು. ಕ್ರಿಯಾಪದವೊಂದಕ್ಕೇ ಸುಮಾರು 430 ಅರ್ಥಗಳು. ಈಚೆಗೆ ‘ರನ್’ ಅದನ್ನು ಹಿಂದೆ ಹಾಕಿದೆ. ನನಗೆ ಈ ಲೆಕ್ಕಕ್ಕಿಂತ ಹೆಚ್ಚು ಹಿಡಿಸಿದ್ದು ‘ಸೆಟ್’ನ ಹುಟ್ಟು. ಒಂದೇ ಪದದಂತೆ ಕಾಣುವ ಇದು ಮೂಲದಲ್ಲಿ ಎರಡು. ಕ್ರಿಯಾಪದವು ಹಳೆಯ ಇಂಗ್ಲಿಷಿನದು, ‘ಕೂರು’ ಎಂಬುದರ ಪ್ರೇರಣಾರ್ಥಕ, ಅಂದರೆ ನೇರವಾಗಿ ನಮ್ಮ ‘ಕೂರಿಸು’. ಗುಂಪು, ಕಟ್ಟು ಎಂಬರ್ಥದ ನಾಮಪದದ ಬೇರು ಲ್ಯಾಟಿನ್ನಿನ ‘ಸೆಕ್ಟಾ’, ಒಬ್ಬರನ್ನು ಅನುಸರಿಸುವ ಬಳಗ. ಅದು ಹಳೆಯ ಫ್ರೆಂಚಿನ ಮೂಲಕ ಬಂದು, ಕಾಲಕ್ರಮದಲ್ಲಿ ಮೊದಲಿನದರ ಜೊತೆ ಬೆರೆತುಹೋಯಿತು.

ನಾವು ಎರವಲು ಪಡೆದದ್ದು ಮುಖ್ಯವಾಗಿ ಈ ಎರಡನೆಯದನ್ನು. ಸೆಟ್ ದೋಸೆ, ಪಂಪ್‌ಸೆಟ್, ಒಡವೆಯ ಸೆಟ್. ಬೆಂಗಳೂರಿನಲ್ಲಿ ಸೆಟ್ ದೋಸೆ ಎಂದರೆ ಸಾಮಾನ್ಯವಾಗಿ ಮೂರು, ಜೊತೆಗೆ ಸಾಗು. ಚೆನ್ನೈನಲ್ಲಿ ಹೆಚ್ಚಾಗಿ ಎರಡೇ, ಪಕ್ಕದಲ್ಲಿ ಸೈದಾಪೇಟೆ ಹೆಸರುಮಾಡಿದ ವಡೆಕರಿ. ಇಲ್ಲಿ ಪೂರಿಯನ್ನೂ ಪರೋಟವನ್ನೂ ‘ಒರು ಸೆಟ್’ ಎಂದೇ ಕೇಳುತ್ತಾರೆ. ‘ಜೋಡಿ’ ಎಂದರೆ ಎರಡಕ್ಕೆ ಕಟ್ಟುಬೀಳಬೇಕು, ಸೆಟ್ಟಿಗೆ ಆ ಹಂಗಿಲ್ಲ. ಇನ್ನು ‘ಎಂಗ ಸೆಟ್’ ಎಂದು ತಮಿಳರು ತಮ್ಮ ಕಾಲೇಜು ಗೆಳೆಯರನ್ನು ಕರೆಯುವಾಗ ಆ ಲ್ಯಾಟಿನ್ ಬಳಗದ ಅರ್ಥವೇ ಮರಳಿ ಬಂದಂತಿದೆ.

ಮೊದಲನೆಯದು, ಆ ಕ್ರಿಯಾಪದ, ಬಹುಕಾಲ ನಮಗೆ ಬೇಕಾಗಲೇ ಇಲ್ಲ. ಇಂಗ್ಲಿಷಿನವರು ಹರಳನ್ನು ಸೆಟ್ ಮಾಡುತ್ತಾರೆ, ನಮ್ಮ ಅಕ್ಕಸಾಲಿ ಕೂರಿಸುತ್ತಾನೆ. ನೆಲದ ಮೇಲೆ ಕಾಲು, ಮನೆಗೆ ಬೆಂಕಿ, ಒಂದು ಕೆಲಸದ ಮೇಲೆ ಮನಸ್ಸು, ಇವಕ್ಕೆಲ್ಲ ಅವರ ಬಳಿ ಇದೊಂದೇ ಪದ. ನಮ್ಮ ಬಳಿಯೂ ಒಂದೇ ಇದೆ: ಕಾಲಿಡು, ಬೆಂಕಿಯಿಡು, ಮನಸ್ಸಿಡು. ತಮಿಳಿಗೂ ಕನ್ನಡಕ್ಕೂ ಸೇರಿದ ಈ ಪುಟ್ಟ ‘ಇಡು’ ನಿಘಂಟುಗಳಲ್ಲಿ ಅದೆಷ್ಟು ಅರ್ಥಗಳನ್ನು ಹೊತ್ತಿದೆ ಎಂದು ಒಮ್ಮೆ ತೆರೆದು ನೋಡಬೇಕು.

ಈಗ ಆ ಕ್ರಿಯಾಪದವೂ ಒಳಗೆ ಬರುತ್ತಿದೆ. ಕಾಂಕ್ರೀಟ್ ‘ಸೆಟ್ ಆಗಲಿ’ ಎಂದು ಮೇಸ್ತ್ರಿ ಹೇಳಿದರೆ ನನ್ನ ತಕರಾರಿಲ್ಲ, ಅದು ಕಸುಬಿನ ಮಾತು. ಕಳವಳವಾಗುವುದು ಚೆನ್ನೈಯ ‘ಸೆಟ್ ಆಗಾದು’, ಬೆಂಗಳೂರಿನ ‘ಸೆಟ್ ಆಗಲ್ಲ’ ಕೇಳಿದಾಗ. ಸೆಟ್ಟೇರು ಕನ್ನಡಕ್ಕೆ ಇಲ್ಲದ್ದನ್ನು ತಂದುಕೊಟ್ಟಿತು, ಸೆಟ್ ಆಗು ಇದ್ದವನ್ನು ಒಂದೊಂದಾಗಿ ಹೊರಗೆ ಕಳಿಸುತ್ತಿದೆ. ಕರಾವಳಿಯ ಬೆವರು ಸುರಿಸುವ ಈ ಹವೆ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಜೊತೆಗೆ ಕೆಲಸ ಮಾಡುವವನ ಸ್ವಭಾವ ನಮಗೆ ಹೊಂದಬೇಕು. ಸೀರೆಯ ಬಣ್ಣ ಮೈಗೆ ಒಪ್ಪಬೇಕು. ಮದುವೆಗೆ ಕಂಕಣ ಕೂಡಿಬರಬೇಕು. ಒಗ್ಗುವುದರಲ್ಲಿ ಕಾಲ ಹಿಡಿಯುವ ಸಹನೆ ಇದೆ, ಹೊಂದುವುದರಲ್ಲಿ ಇಬ್ಬರೂ ಸ್ವಲ್ಪ ಸರಿದುಕೊಳ್ಳುವ ಸೂಚನೆ ಇದೆ, ಕೂಡಿಬರುವುದು ನಮ್ಮ ಕೈ ಮೀರಿದ್ದು. ಇಲ್ಲಿನ ಕನ್ನಡ ಮನೆಗಳಲ್ಲಿ ಈ ನಾಲ್ಕೂ ಮಾತುಗಳನ್ನು ಅಜ್ಜಿಯರು ಬೇರೆಬೇರೆಯಾಗಿಯೇ ಆಡುತ್ತಾರೆ. ಮೊಮ್ಮಕ್ಕಳಿಗೆ ಹವೆ, ಸಹೋದ್ಯೋಗಿ, ಸೀರೆ, ಸಂಬಂಧ ಎಲ್ಲವೂ ಸೆಟ್ ಆಗುತ್ತವೆ, ಇಲ್ಲವೇ ಆಗುವುದಿಲ್ಲ.